ಪದಚರ್ಚೆ: ನಗರಸಭೆ ‘ಅನುಮೋದಿಸಿತು’ ಅಂದರೆ ಏನಾಯಿತು?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ಹೊಸದೇನಲ್ಲ. ಪತ್ರಿಕೆಯಲ್ಲಿ ದಿನಾ ಕಾಣುವ ‘ಅನುಮೋದನೆ’. ಇದರಿಂದ ನಾನು ಒಂದು ಸಲ ಚೆನ್ನಾಗಿಯೇ ಬೇಸ್ತು ಬಿದ್ದಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸಣ್ಣ ನಗರಸಭೆಯೊಂದರ ಸಾಮಾನ್ಯ ಸಭೆ. ಅವತ್ತು ನನಗೆ ಹೋಗಲು ಆಗಲಿಲ್ಲ. ಆಮೇಲೆ ನಡವಳಿಯ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆಯ, ಪ್ರತಿ ಕೈಗೆ ಬಂತು, ಅದನ್ನು ನೋಡಿ ನಾಲ್ಕು ಸಾಲಿನ ಸುದ್ದಿ ಬರೆಯಬೇಕಿತ್ತು. ಹಳೇ ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಮೂರನೇ ಮಹಡಿಗೆ ಅವಕಾಶ ಕೊಡಬೇಕೋ ಬೇಡವೋ ಅನ್ನುವುದೇ ಅವತ್ತಿನ ದೊಡ್ಡ ವಿಷಯ. ನಡವಳಿಯ ಒಂದು ಪುಟದ ಕೊನೆಯಲ್ಲಿ ಹೀಗಿತ್ತು (ಹೆಸರು ತೆಗೆದಿದ್ದೇನೆ): ‘ಸದರಿ ವಿಷಯವನ್ನು ಮಾನ್ಯ ಸದಸ್ಯರು ಸೂಚಿಸಿದರು. ಮತ್ತೊಬ್ಬ ಮಾನ್ಯ ಸದಸ್ಯರು ಅನುಮೋದಿಸಿದರು.’ ನಾನು ಅಲ್ಲಿಗೇ ನಿಲ್ಲಿಸಿ ‘ಮೂರನೇ ಮಹಡಿಗೆ ಅನುಮೋದನೆ’ ಅಂತ ತಲೆಬರಹ ಹಾಕಿದೆ. ಪುಟ ತಿರುಗಿಸಿದ್ದರೆ ಮುಂದಿನ ಸಾಲು ಸಿಗುತ್ತಿತ್ತು: ‘ಕೂಲಂಕಷವಾಗಿ ಚರ್ಚಿಸಿ, ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ ಪಡೆದು ಮುಂದಿನ ಸಭೆಗೆ ಮಂಡಿಸಲು ತೀರ್ಮಾನಿಸಲಾಯಿತು.’

ಸುದ್ದಿ ಬಂದ ಬೆಳಗ್ಗೆ ಏಳು ಗಂಟೆಗೆ ಪರಿಚಯದ ಮೇಸ್ತ್ರಿಯೊಬ್ಬರ ಫೋನು.

“ಸಾರ್, ಪೇಪರಲ್ಲಿ ನೋಡ್ದೆ. ಪೇಟೆ ಬೀದಿ ಕೆಲಸಕ್ಕೆ ಸೆಂಟ್ರಿಂಗ್ ಹೊಡೀಬಹುದಾ ಹಂಗಾದ್ರೆ?”

“ಇಲ್ಲ ಮೇಸ್ತ್ರಿ, ಅದಿನ್ನೂ ಪಾಸಾಗಿಲ್ಲ.”

“ಮತ್ತೆ ಅನುಮೋದನೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಲ್ಲ?”

ತಪ್ಪು ನನ್ನದೇ, ಅನುಮಾನವಿಲ್ಲ. ಪೂರ್ತಿ ಓದದೆ ಬರೆದೆ. ಆದರೆ ಪದವೂ ನನ್ನ ಕಾಲಿಗೆ ಅಡ್ಡ ಬಂತು ಅಂತ ಈಗಲೂ ಅನ್ನಿಸುತ್ತದೆ.

ಕೌನ್ಸಿಲ್ ಸಭೆಯ ಕನ್ನಡದಲ್ಲಿ ಈ ಒಂದು ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತಿದೆ. ಒಬ್ಬರು ವಿಷಯ ಎತ್ತುತ್ತಾರೆ, ಇನ್ನೊಬ್ಬರು ‘ಹೌದು, ಇದು ಚರ್ಚೆಗೆ ಬರಲಿ’ ಅಂತ ದನಿ ಸೇರಿಸುತ್ತಾರೆ. ಈ ಎರಡನೆಯವರು ಅನುಮೋದಕರು. ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆಯ ನಾಮಪತ್ರದಲ್ಲೂ ‘ಸೂಚಕರು, ಅನುಮೋದಕರು’ ಅಂತ ಸಹಿ ಹಾಕುವ ಜಾಗ ಇರುತ್ತದೆ. ಇದು ಮೊದಲ ಕೆಲಸ. ಚರ್ಚೆ ಎಲ್ಲ ಮುಗಿದು, ಬೇಕಾದರೆ ಕೈ ಎತ್ತಿಸಿ, ಕೊನೆಗೆ ಇಡೀ ಸಭೆ ‘ಸರಿ, ಮಾಡಿ’ ಅನ್ನುವುದು ಎರಡನೆಯದು. ಅದಕ್ಕೂ ಅನುಮೋದನೆ ಅಂತಲೇ ಬರೆಯುತ್ತೇವೆ. ಬಾಗಿಲು ತಟ್ಟಿದ್ದಕ್ಕೂ ಒಳಗೆ ಹೋಗಿ ಕೂತಿದ್ದಕ್ಕೂ ಒಂದೇ ಮಾತು ಬಳಸಿದಂತೆ ಇದು.

ಅನುಮೋದಕರು ಆ ವಿಷಯವನ್ನು ಒಪ್ಪಲೇಬೇಕು ಅಂತಲೂ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಸಭೆ ನಡೆಸುವ ನಿಯಮಗಳ ಒಂದು ಕೈಪಿಡಿ ಬರೆದ. ಅಲ್ಲಿನ ಎಷ್ಟೋ ಸಣ್ಣ ನಗರಗಳ ಕೌನ್ಸಿಲ್‌ಗಳೂ ಅದನ್ನು ನೋಡಿಕೊಂಡೇ ಸಭೆ ನಡೆಸುತ್ತವೆ. ಅದರ ಈಗಿನ ಆವೃತ್ತಿಯ ಪ್ರಕಾರ, ದನಿ ಸೇರಿಸುವವರು ಹೇಳುವುದು ‘ಇದು ಸಭೆಯ ಮುಂದೆ ಬರಲಿ’ ಅಂತ ಮಾತ್ರ. ಅವರೇ ಆಮೇಲೆ ವಿರುದ್ಧ ಮತ ಹಾಕಬಹುದು. ಈಗ ಇದನ್ನು ಕನ್ನಡದಲ್ಲಿ ಬರೆದು ನೋಡಿ: ‘ಆ ಸದಸ್ಯರು ಯೋಜನೆಯನ್ನು ಅನುಮೋದಿಸಿ, ನಂತರ ಅದರ ವಿರುದ್ಧ ಮತ ಹಾಕಿದರು.’ ಓದುವವರು ಆ ಸದಸ್ಯರಿಗೆ ಏನೋ ಆಗಿದೆ ಅಂದುಕೊಳ್ಳುತ್ತಾರೆ.

ಹಾಗಾದರೆ ನಡವಳಿ ಓದುವವರು ವ್ಯತ್ಯಾಸ ಹೇಗೆ ತಿಳಿಯುತ್ತಾರೆ? ಬೇಸ್ತು ಬಿದ್ದ ಮೇಲೆ ಹಳೆಯ ಒಂದಷ್ಟು ನಡವಳಿ ತೆಗೆದು ನಿಧಾನವಾಗಿ ಓದಿದೆ. ಗುಟ್ಟು ಕ್ರಿಯಾಪದದ ಬಾಲದಲ್ಲಿದೆ. ‘ಇಂಥವರು ಅನುಮೋದಿಸಿದರು’ ಅಂತ ಮಾಡಿದವರು ಕಂಡರೆ ಅದು ದನಿ ಸೇರಿಸಿದ್ದು. ‘ಅನುಮೋದಿಸಲಾಯಿತು’ ಅಂತ ಮಾಡಿದವರೇ ಕಾಣದೆ ಹೋದರೆ ಅದು ಸಭೆಯ ಒಪ್ಪಿಗೆ. ಗುಮಾಸ್ತರು ಯಾರೂ ಹೇಳಿಕೊಡದೆ ಕಂಡುಕೊಂಡ ವ್ಯವಸ್ಥೆ ಇರಬೇಕು. ‘-ಲಾಯಿತು’ ಅನ್ನುವ ಕರ್ಮಣಿ ರೂಪವನ್ನು ನಾವು ಇಷ್ಟು ದಿನ ಸುಮ್ನೆ ಬೈದಿದ್ದೇವೆ, ಇಲ್ಲಿ ಅದಕ್ಕೂ ಒಂದು ಕೆಲಸವಿದೆ. ಆದರೆ ‘ಅಧ್ಯಕ್ಷರು ಅನುಮೋದಿಸಿದರು’ ಅಂತ ಬಂದ ಕೂಡಲೇ ಈ ನಿಯಮ ಮುರಿದು ಬೀಳುತ್ತದೆ. ತಲೆಬರಹದಲ್ಲಂತೂ ನಿಯಮಕ್ಕೆ ಜಾಗವೇ ಇಲ್ಲ. ಅಲ್ಲಿ ಕ್ರಿಯಾಪದ ಹಾರಿಹೋಗಿ ‘ಅನುಮೋದನೆ’ ಅನ್ನುವ ನಾಮಪದ ಮಾತ್ರ ಉಳಿಯುತ್ತದೆ, ಬಾಲ ಕತ್ತರಿಸಿಕೊಂಡು. ನನ್ನ ಕಥೆಯೂ ಅದೇ.

ಅದರ ಜೋಡಿಪದದ ಪಾಡೂ ಇದೇ. ‘ಸದಸ್ಯರು ವಿಷಯ ಸೂಚಿಸಿದರು’ ಅಂದರೆ ಸಭೆಯ ಮುಂದಿಟ್ಟರು. ‘ಅಧ್ಯಕ್ಷರು ಅಧಿಕಾರಿಗಳಿಗೆ ಸೂಚಿಸಿದರು’ ಅಂದರೆ ಮಾಡಿ ಅಂತ ಹೇಳಿದರು. ಒಂದು ಬೇಡಿಕೆ, ಇನ್ನೊಂದು ಹೆಚ್ಚುಕಡಿಮೆ ಆಜ್ಞೆ.

ಮಾತಿನಲ್ಲಿ ಈ ಗೊಂದಲ ಇಲ್ಲವೇ ಇಲ್ಲ ಅನ್ನುವುದು ತಮಾಷೆ. ಸಭೆ ಮುಗಿಸಿ ಹೊರಗೆ ಬಂದ ಸದಸ್ಯರನ್ನು ಕೇಳಿ. ‘ನಾನು ಸೆಕೆಂಡ್ ಮಾಡಿದೆ, ಆದ್ರೆ ಪಾಸಾಗ್ಲಿಲ್ಲ’ ಅನ್ನುತ್ತಾರೆ. ಮನೆ ಕಟ್ಟಿಸುವವರು ‘ಪ್ಲಾನ್ ಪಾಸಾಯ್ತಾ?’ ಅಂತ ಕೇಳುತ್ತಾರೆಯೇ ಹೊರತು ‘ನಕ್ಷೆಗೆ ಅನುಮೋದನೆ ದೊರೆಯಿತೇ?’ ಅನ್ನುವುದಿಲ್ಲ. ಎರವಲು ಮಾತಲ್ಲಿ ಎಲ್ಲ ನಿಚ್ಚಳ, ಬರೆಯುವ ಕನ್ನಡಕ್ಕೆ ಇಳಿಸಿದ ತಕ್ಷಣ ಮಂಜು. ಇದು ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಈಗ ಪದದ ಬೇರು. ‘ಅನು’ ಅಂದರೆ ಹಿಂದೆ, ಜೊತೆಗೆ. ‘ಮುದ್’ ಅಂದರೆ ಸಂತೋಷಪಡು. ಮುದ, ಆಮೋದ, ಪ್ರಮೋದ ಎಲ್ಲ ಇದೇ ಮನೆಯವು. ಅಂದರೆ ಅನುಮೋದನೆ ಅಂದರೆ ಇನ್ನೊಬ್ಬರು ಮಾಡಿದ್ದನ್ನು ಕಂಡು ಜೊತೆಗೆ ಸಂತೋಷಪಡುವುದು. ಬೌದ್ಧರಲ್ಲಿ ಬೇರೆಯವರ ಪುಣ್ಯಕಾರ್ಯಕ್ಕೆ ಸಂತೋಷಪಡುವುದನ್ನು ಪಾಲಿಯಲ್ಲಿ ‘ಅನುಮೋದನಾ’ ಅನ್ನುತ್ತಾರೆ. ಜೈನರ ಆಚಾರದಲ್ಲಿ ‘ಕೃತ, ಕಾರಿತ, ಅನುಮೋದಿತ’ ಅಂತ ಮೂರು ಬರುತ್ತವೆ. ತಾನೇ ಮಾಡಿದ್ದು, ಬೇರೆಯವರ ಕೈಲಿ ಮಾಡಿಸಿದ್ದು, ಬೇರೆಯವರು ಮಾಡಿದ್ದಕ್ಕೆ ಒಳಗೊಳಗೇ ಹೌದು ಅಂದದ್ದು. ಪಾಪದ ಲೆಕ್ಕದಲ್ಲಿ ಮೂರನೆಯದಕ್ಕೂ ವಿನಾಯಿತಿ ಇಲ್ಲ. ಕೈ ಎತ್ತುವ ಮೊದಲು ಕೌನ್ಸಿಲರುಗಳು ನೆನಪಿಟ್ಟುಕೊಳ್ಳಬಹುದಾದ ವಿಚಾರ.

ಈ ಬೇರನ್ನು ಹಿಡಿದು ನೋಡಿದರೆ ದನಿ ಸೇರಿಸುವವರಿಗೆ ‘ಅನುಮೋದಕ’ ಅಂದದ್ದು ಅರ್ಧ ಸರಿ. ಹಿಂದೆ ಬರುವ ‘ಅನು’ ಇದೆ. ‘ಮೋದ’ ಇರಲೇಬೇಕು ಅಂತಿಲ್ಲ, ಅಷ್ಟೇ. ಇಡೀ ಸಭೆ ಕೊಡುವ ಒಪ್ಪಿಗೆಗೆ ಮಾತ್ರ ಇದು ಅಷ್ಟಾಗಿ ಹೊಂದುವುದಿಲ್ಲ. ಸಭೆ ಯಾರ ಹಿಂದೆಯೂ ಹೋಗುತ್ತಿಲ್ಲವಲ್ಲ, ತಾನೇ ತೀರ್ಮಾನ ಮಾಡುತ್ತಿದೆ.

ಬೇರಿಗೆ ಎಲ್ಲಕ್ಕಿಂತ ನಿಷ್ಠವಾಗಿರುವ ಬಳಕೆ ಯಾವುದು ಗೊತ್ತೇ? ‘ಘಟನೋತ್ತರ ಅನುಮೋದನೆ.’ ನಡವಳಿಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಮೋರಿ ಕೆಲಸ ಮುಗಿದಿದೆ, ಕಾಂಪೌಂಡ್ ಎದ್ದಿದೆ, ಬಿಲ್ಲೂ ತಯಾರಾಗಿದೆ, ಆಮೇಲೆ ವಿಷಯ ಸಭೆಗೆ ಬರುತ್ತದೆ. ಆಗಿಹೋದದ್ದನ್ನು ನೋಡಿ ಜೊತೆಗೆ ಸಂತೋಷಪಡುವುದು ಅಂದರೆ ಇದೇ ಅಲ್ವಾ? ಎಲ್ಲರೂ ಮೂಗು ಮುರಿಯುವ ಈ ಪದಗುಚ್ಛ ನಿಘಂಟಿನ ಪ್ರಕಾರ ಅಪ್ಪಟ ಚಿನ್ನ.

ಬದಲಿಗೆ ಏನು ಬಳಸಬಹುದು ಅಂತ ನಾನೂ ಸ್ವಲ್ಪ ಹುಡುಕಿದೆ. ‘ಮಂಜೂರು’ ನಮ್ಮ ಕಚೇರಿಗಳಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಅರಬ್ಬಿಯ ‘ಮಂಜೂರ್’ ಅಂದರೆ ನೋಡಲ್ಪಟ್ಟದ್ದು. ನಜರು, ನದರು ಅನ್ನುತ್ತೇವಲ್ಲ, ಅದರದೇ ಸಂಬಂಧಿ. ನಕ್ಷೆಯ ಮೇಲೆ ಕಣ್ಣಾಡಿಸಿ, ಅಳತೆ ನೋಡಿ, ಸುತ್ತ ಎಷ್ಟು ಅಡಿ ಬಿಟ್ಟಿದ್ದಾರೆ ಅಂತ ಲೆಕ್ಕ ಹಾಕಿ ಸಹಿ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕದು. ‘ನಕ್ಷೆ’ ಕೂಡ ಅಲ್ಲಿಂದಲೇ ಬಂದದ್ದು, ಹಾಗಾಗಿ ‘ನಕ್ಷೆ ಮಂಜೂರು’ ಒಂದೇ ಊರಿನ ಜೋಡಿ. ಒಂದು ಎಚ್ಚರಿಕೆ: ಮಂಜೂರಿಗೂ ನಜರಾಣೆಗೂ ನಂಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಹರಕೆ ಅನ್ನುವ ಅರ್ಥದ ಬೇರೆಯೇ ಧಾತುವಿನಿಂದ ಬಂದದ್ದು. ನಾನು ಶಬ್ದದ ಮಟ್ಟಿಗೆ ಮಾತ್ರ ಹೇಳುತ್ತಿದ್ದೇನೆ.

‘ಪರವಾನಗಿ’ ಪಾರಸಿ, ಲೈಸೆನ್ಸಿಗೆ ಸರಿ. ‘ಅನುಮತಿ’ ಮೊದಲೇ ಕೇಳಿ ಪಡೆಯುವುದಕ್ಕೆ. ಇವುಗಳಲ್ಲಿ ತಕರಾರಿಲ್ಲ. (‘ತಕರಾರು’ ಅಂದರೆ ಅರಬ್ಬಿಯಲ್ಲಿ ಮತ್ತೆ ಮತ್ತೆ ಹೇಳುವುದು. ಒಂದು ಕೌನ್ಸಿಲ್ ಸಭೆಯಲ್ಲಿ ಪೂರ್ತಿ ಕೂತವರಿಗೆ ಅದು ಆಕ್ಷೇಪಣೆ ಅನ್ನುವ ಅರ್ಥಕ್ಕೆ ಹೇಗೆ ಹೊರಳಿತು ಅಂತ ಯಾರೂ ವಿವರಿಸಬೇಕಾಗಿಲ್ಲ.)

ನೀತಿಯ ವಿಷಯದಲ್ಲಿ, ಅಂದರೆ ಯಾವ ಬೀದಿಯಲ್ಲಿ ಎಷ್ಟು ಮಹಡಿ, ಎಲ್ಲಿ ಅಂಗಡಿ ಎಲ್ಲಿ ಮನೆ ಅನ್ನುವಂಥ ತೀರ್ಮಾನಕ್ಕೆ, ನನ್ನ ಓಟು ‘ಒಪ್ಪಿಗೆ’ಗೆ. ಅಚ್ಚಗನ್ನಡ ಅನ್ನುವುದಕ್ಕಷ್ಟೇ ಅಲ್ಲ. ‘ಒಪ್ಪು’ ಅಂದರೆ ಹಳೆಯ ಕಾಲದಿಂದಲೂ ತಕ್ಕುದಾಗಿರು, ಚೆಂದ ಕಾಣು ಅಂತಲೂ ಅರ್ಥ. ‘ಒಪ್ಪ ಓರಣ’ದ ಒಪ್ಪವೂ ಅದೇ. ಶಾಸನಗಳಲ್ಲಿ ‘ಒಪ್ಪ’ ಅಂದರೆ ರುಜು. ವಿಜಯನಗರದ ಅರಸರ ತಾಮ್ರಪಟಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಅಂತ ಕನ್ನಡ ಅಕ್ಷರದಲ್ಲಿ ಕೊರೆದಿರುವುದು ಇಂಥ ಒಪ್ಪವೇ. ಹೊಂದುವುದು, ಹೌದೆನ್ನುವುದು, ಕೆಳಗೆ ರುಜು ಹಾಕುವುದು, ಮೂರನ್ನೂ ಒಳಗಿಟ್ಟುಕೊಂಡ ಪದವನ್ನು ಬಿಟ್ಟು ‘ಅನುಮೋದನೆ’ಯ ಹಿಂದೆ ಯಾಕೆ ಹೋದೆವೋ ಕಾಣೆ. ಆದರೆ ‘ತಾತ್ವಿಕ ಒಪ್ಪಿಗೆ’ ಅಂತ ಮಾತ್ರ ಬರೆಯಬೇಡಿ. ಬಸ್ ನಿಲ್ದಾಣದ ಶೌಚಾಲಯಕ್ಕೆ ತಾತ್ವಿಕ ಒಪ್ಪಿಗೆ ಅಂತ ಓದಿದಾಗ ನನಗೆ ಶಂಕರರೂ ರಾಮಾನುಜರೂ ಎದುರುಬದುರು ಕೂತ ಹಾಗೆ ಕಾಣುತ್ತದೆ. ‘ಸದ್ಯಕ್ಕೆ ಒಪ್ಪಿಗೆ, ವಿವರ ಆಮೇಲೆ’ ಅಂದರೆ ಆಯಿತು.

‘ಠರಾವು’ ಇನ್ನೊಂದು ಗಟ್ಟಿ ಪದ. ಮರಾಠಿಯಿಂದ ಬಂದದ್ದು, ನಿಶ್ಚಯವಾದದ್ದು ಅಂತ ಅರ್ಥ. ಹಳಬರು ಇದಕ್ಕೆ ‘ಗೊತ್ತುವಳಿ’ ಅಂತಲೂ ಬರೆಯುತ್ತಿದ್ದರು. ನಡವಳಿ, ನಿಲುವಳಿ, ಹಿಡುವಳಿ, ಗೊತ್ತುವಳಿ, ಎಷ್ಟು ಚೆಂದದ ಸಾಲು! ಅದರಲ್ಲಿ ‘ಅವಿಶ್ವಾಸ ಗೊತ್ತುವಳಿ’ ಒಂದು ಸುದ್ದಿಯಲ್ಲಿ ಇನ್ನೂ ಉಸಿರಾಡುತ್ತಿದೆ. ಠರಾವು ಕೊನೆಯ ತೀರ್ಮಾನದ ಹೆಸರು. ಹಾಗಾಗಿ ‘ಠರಾವಾಯಿತು’ ಅಂದರೆ ಮೇಸ್ತ್ರಿಗೂ ಅನುಮಾನ ಬರುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಪದ ಕಾಡುತ್ತದೆ, ‘ಯೋಜನೆ’. ‘ಕಟ್ಟಡ ಯೋಜನೆಗೆ ಅನುಮೋದನೆ’ ಅಂತ ಓದಿದರೆ ನನಗೆ ಎರಡು ಪದವೂ ಜಾರುತ್ತವೆ. ಕಾಗದದ ಮೇಲೆ ಗೆರೆ ಎಳೆದದ್ದು ನಕ್ಷೆ. ಕಟ್ಟಲು ಹೊರಟಿರುವ ಕೆಲಸ ಯೋಜನೆ. ಹಣ ಹಂಚುವ ಸರ್ಕಾರದ ಕಾರ್ಯಕ್ರಮವೂ ಯೋಜನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂದಾಗಿನಿಂದ ಊರು ಹೇಗೆ ಬೆಳೆಯಬೇಕು ಅನ್ನುವ ದೊಡ್ಡ ಚಿತ್ರವೂ ಯೋಜನೆಯೇ. ಇದನ್ನು ಬಿಡಿಸಲು ಹೋದರೆ ಇನ್ನೊಂದು ಪತ್ರ ಬೇಕು, ಬಿಡುತ್ತೇನೆ.

ಸದ್ಯಕ್ಕೆ ನಾನು ಮಾಡುತ್ತಿರುವುದು ಇಷ್ಟು. ನಾಮಪತ್ರದಲ್ಲಿ, ನಡವಳಿಯಲ್ಲಿ ‘ಅನುಮೋದಕ’ ಕಾಯಂ ಆಗಿ ಕೂತುಬಿಟ್ಟಿದೆ. ಅದನ್ನು ಎಬ್ಬಿಸುವುದು ನಮ್ಮ ಕೈಲಿ ಆಗುವ ಮಾತಲ್ಲ. ಹಾಗಾಗಿ ಆ ಪದವನ್ನು ದನಿ ಸೇರಿಸುವುದಕ್ಕೇ ಬಿಟ್ಟುಕೊಟ್ಟು, ಉಳಿದ ಕಡೆ ತೆಗೆದುಹಾಕುತ್ತಿದ್ದೇನೆ. ನಕ್ಷೆ ‘ಮಂಜೂರು’, ನೀತಿಗೆ ‘ಒಪ್ಪಿಗೆ’, ಹಿಂದಿನ ಸಭೆಯ ನಡವಳಿಗೆ ‘ದೃಢೀಕರಣ’. ಡೆಸ್ಕಿನಲ್ಲಿ ಕೂರುವ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. “ಒಪ್ಪಿಗೆ ಅಂದ್ರೆ ಮದುವೆ ಸುದ್ದಿ ತರ ಕೇಳ್ಸುತ್ತೆ ಕಣ್ರಿ, ಕೌನ್ಸಿಲ್‌ಗೆ ಗತ್ತು ಸಾಲಲ್ಲ” ಅನ್ನುತ್ತಾರೆ. ಗತ್ತಿನ ವಿಷಯದಲ್ಲಿ ಅವರು ಹೇಳುವುದರಲ್ಲಿ ಹುರುಳಿದೆ.

ಉಳಿದ ಪ್ರಶ್ನೆ ಒಂದು. ದನಿ ಸೇರಿಸುವ ಆ ಎರಡನೆಯವರಿಗೆ ಸುದ್ದಿಯಲ್ಲಿ ಏನನ್ನೋಣ? ‘ಬೆಂಬಲಿಸಿದರು’ ಅಂದರೆ ಬೆನ್ನಿಗೆ ನಿಂತ ಹಾಗೆ, ಆಮೇಲೆ ವಿರುದ್ಧ ಮತ ಹಾಕಿದರೆ ಮತ್ತದೇ ಪೇಚು. ‘ದನಿಗೂಡಿಸಿದರು’ ನನಗೆ ಇಷ್ಟ, ಆದರೆ ಅದು ಪ್ರತಿಭಟನೆಯ ಸುದ್ದಿಯಲ್ಲಿ ಸವೆದುಹೋಗಿದೆ. ಸಂಘ, ಸಹಕಾರಿ ಬ್ಯಾಂಕು, ಪಂಚಾಯಿತಿಯ ಹಳೆಯ ಕೈಬರಹದ ನಡವಳಿ ಪುಸ್ತಕ ನೋಡಿದವರು ನಿಮ್ಮಲ್ಲಿ ಇರಬಹುದು. ‘ಅನುಮೋದಿಸಿದರು’ ಬರುವುದಕ್ಕೆ ಮೊದಲು ಆ ಜಾಗದಲ್ಲಿ ಯಾವ ಮಾತಿತ್ತು? ಕಂಡಿದ್ದರೆ ಆ ಸಾಲನ್ನು ಇದ್ದ ಹಾಗೇ, ಹೆಸರು ಮಾತ್ರ ತೆಗೆದು, ಇಲ್ಲಿ ಹಾಕಿ. ಮೂರನೇ ಮಹಡಿಯ ವಿಷಯ ಮುಂದಿನ ಸಭೆಯ ಪಟ್ಟಿಯಲ್ಲಿ ಮತ್ತೆ ಇದೆ, ಮೇಸ್ತ್ರಿ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ.