ಅಪ್‌ಡೇಟ್: ಕೀಲ್ ಬಿಚ್ಚಿದೆವು, ಜಿನುಗು ನಿಂತಿತು

ಹೋದ ಚಳಿಗಾಲದಲ್ಲಿ ಕೇಳಿದ್ದೆ: ಇಂಗ್ಲೆಂಡಿನಲ್ಲಿ ನಾವಿಬ್ಬರು ಕೊಂಡ 26 ಅಡಿಯ ಹಳೇ ವೆಸ್ಟರ್ಲಿ ಸೆಂಟಾರ್ ಹಾಯಿದೋಣಿಯಲ್ಲಿ, ತಳದಿಂದ ಕೆಳಕ್ಕೆ ಚಾಚಿದ ಎರಡು ಭಾರದ ರೆಕ್ಕೆಗಳನ್ನು, ಅಂದರೆ ಕೀಲ್‌ಗಳನ್ನು, ಹಿಡಿದಿಡುವ ಬೋಲ್ಟ್‌ಗಳ ಸುತ್ತ ಕಂದು ನೀರು ಜಿನುಗುತ್ತಿದೆ, ಸುಮ್ನೆ ಸೀಲಂಟ್ ಬಳಿದರೆ ಸಾಕಾ ಅಂತ. ಸಾಲದು. ಬಿಚ್ಚಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ದೋಣಿ ಎತ್ತಿಸಿ ಎರಡೂ ಕೀಲ್ ಇಳಿಸಿದೆವು. ಮೇಲೆ ಚೆನ್ನಾಗಿ ಕಾಣುತ್ತಿದ್ದ ಮೂರು ಬೋಲ್ಟ್‌ಗಳು ನಡುವೆ ತುಕ್ಕು ತಿಂದು ಸಣ್ಣಗಾಗಿದ್ದವು. ಎದೆ ಝಲ್ಲೆಂದಿತು. ಎಲ್ಲವನ್ನೂ ಬದಲಿಸಿದೆವು. ಒಳಗಡೆ ಗ್ಲಾಸ್ ಬಟ್ಟೆ, ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಅಂಟು) ಪದರ ಹಾಕಿ ಬಲಪಡಿಸಿದೆವು. ಚಳಿಗೆ ಎಪಾಕ್ಸಿ ಗಟ್ಟಿಯಾಗಲು ಜಾಸ್ತಿ ದಿನ ಬೇಕಾಯಿತು. ಅದರ ಮೇಲೆ ಕೂರುವ ಮೇಣದಂಥ ಜಿಡ್ಡನ್ನು ನೀರಲ್ಲಿ ತೊಳೆದ ಮೇಲೆಯೇ ಮರಳುಕಾಗದದಿಂದ ಉಜ್ಜಿ, ಮರೆಯಬೇಡಿ.

ಶನಿವಾರ ನೀರಿಗಿಳಿಸಿದೆವು. ಈಗ ಸಮುದ್ರದ ಇಳಿತ, ನೀರು ಹಿಂದೆ ಸರಿದಿದೆ. ಎರಡು ಕೀಲ್ ಮೇಲೆ ಕೆಸರಲ್ಲಿ ನೆಟ್ಟಗೆ ನಿಂತಿದೆ. ಒಳಗೆ ಟಾರ್ಚ್ ಹಾಕಿ ನೋಡಿದೆ. ಒಂದು ಹನಿಯೂ ಇಲ್ಲ!