ಅಪ್‌ಡೇಟ್: ಮರುಭೂಮಿ ಗುಡ್ಡಗಳ ಆ ದಿನ ದಾಟಿದೆವು

ಹೋದ ತಿಂಗಳು ಕೇಳಿದ್ದೆ: ಎಂಟು ಜನರ ಸೈಕಲ್ ತಂಡ, ಮರುಭೂಮಿಯ ಗುಡ್ಡಗಳಲ್ಲಿ ಒಂದೇ ದಿನ 90 ಕಿಲೋಮೀಟರ್, ನಡುವೆ ಎಲ್ಲೂ ನೀರಿಲ್ಲ, ತಲಾ ಎಷ್ಟು ಹೊರಬೇಕು ಅಂತ. ಮೊನ್ನೆ ಮುಗಿಸಿದೆವು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ತಲಾ 7 ಲೀಟರ್ ಹೊತ್ತೆವು. ಸಂಜೆಗೆ ನನ್ನ ಹತ್ತಿರ ಉಳಿದದ್ದು ಅರ್ಧ ಲೀಟರ್. ಬೆಳಕು ಹರಿಯುವ ಮೊದಲೇ ಹೊರಟದ್ದರಿಂದ ದೊಡ್ಡ ಏರು ಬಿಸಿಲಿಗೆ ಮುಂಚೆ ಕಳೆಯಿತು. ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಆಗಲೇ ಆರಿಹೋಗಿರುತ್ತದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ಗೊತ್ತಾಗುವುದು. ಹನ್ನೊಂದರ ಹೊತ್ತಿಗೆ ಒಬ್ಬ ಗೆಳತಿಗೆ ತಲೆನೋವು, ವಾಕರಿಕೆ. ನೀರು ಕುಡಿಯುತ್ತಲೇ ಇದ್ದಳು, ಉಪ್ಪು ಮಾತ್ರ ಮುಟ್ಟಿರಲಿಲ್ಲ. ಬಂಡೆಯ ನೆರಳಲ್ಲಿ ಕೂರಿಸಿ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿ, ನೀವು ಹೇಳಿದ್ದ ಅಳತೆಯಲ್ಲೇ (ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು) ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆವು. ಎರಡು ಗಂಟೆ ಅಲ್ಲೇ ಕೂತೆವು. ಯಾರೊಬ್ಬರೂ ಅವಸರ ಮಾಡಲಿಲ್ಲ. ನನಗೆ ಅದೇ ಆ ದಿನದ ದೊಡ್ಡ ಸಂಗತಿ.

ಮುಳ್ಳಿನ ಪಂಕ್ಚರ್ ಮೂರು. ಮಧ್ಯಾಹ್ನದ ಎದುರುಗಾಳಿಯಲ್ಲಿ ಅವಳನ್ನು ಸಾಲಿನ ನಡುವೆ ಇಟ್ಟುಕೊಂಡು, ಮುಂದಿನವರು ಐದೈದು ನಿಮಿಷಕ್ಕೆ ಬದಲಾಗುತ್ತ ತುಳಿದೆವು. ಕತ್ತಲಾಗುವ ಮುಂಚೆ ಟೆಂಟ್ ಹಾಕಿದಾಗ ಮೊದಲು ಊಟ ಕೇಳಿದ್ದು ಅವಳೇ.