ಸಿಎಫ್‌ಎಪಿ ಹಣ ಯಾರಿಗೆ ಎಷ್ಟು? ಎಫ್‌ಎಸ್‌ಎ ಪಾವತಿ ಕಡತ ಓದುವ ಬಗ್ಗೆ

ಲೆಕ್ಕಪತ್ರ: ಅಮೆರಿಕದ ಕೃಷಿ ಇಲಾಖೆ 2020ರಲ್ಲಿ ರೈತರಿಗೆ ಕೊಟ್ಟ ಕೊರೊನಾ ಪರಿಹಾರದ (ಸಿಎಫ್‌ಎಪಿ) ಲೆಕ್ಕ ನೋಡುತ್ತಿದ್ದೇನೆ. ಆ ಇಲಾಖೆಯ ಎಫ್‌ಎಸ್‌ಎ (ರೈತರಿಗೆ ಹಣ ಹಂಚುವ ಫಾರ್ಮ್ ಸರ್ವಿಸ್ ಏಜೆನ್ಸಿ) ಜಾಲತಾಣದಲ್ಲಿರುವ ಪಾವತಿ ಕಡತ ಇಳಿಸಿಕೊಂಡೆ. ಒಬ್ಬರಿಗೆ ಮಿತಿ 2,50,000 ಡಾಲರ್ ಅಂತ ನಿಯಮವಿತ್ತು. ಆದರೆ ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿ ಮೂರು ಸಾಲುಗಳಿದ್ದು, ಒಟ್ಟು 9 ಲಕ್ಷ ದಾಟುತ್ತದೆ. ಒಂದೇ ಪಾವತಿ ಎರಡೆರಡು ಸಲ ನಮೂದಾಗಿದೆಯೇ, ಮಿತಿ ಮೀರಿದೆಯೇ? ಎಷ್ಟು ದನಗಳ ಲೆಕ್ಕದಲ್ಲಿ ಕೊಟ್ಟರು ಅನ್ನುವುದು ಎಲ್ಲಿ ಸಿಗುತ್ತದೆ?

ಕಣಜ: ಸಾಲು ಅಳಿಸಬೇಡಿ. ಮೊದಲ ಸುತ್ತಿನಲ್ಲಿ ಮೊದಲು 80% ಕೊಟ್ಟು, ಉಳಿದ 20% ಅನ್ನು ಆಮೇಲೆ ಹಾಕಿದರು. ಹಾಗಾಗಿ ಒಂದೇ ಹೆಸರು ಬೇರೆ ದಿನಾಂಕದಲ್ಲಿ ಎರಡು ಸಲ ಬರುವುದು ಸರಿಯೇ. ಮೂರನೆಯದು ಬಹುಶಃ ಎರಡನೇ ಸುತ್ತು. ಅದರ ಅರ್ಜಿ 2020ರ ಸೆಪ್ಟೆಂಬರ್ 21ರಿಂದ ಶುರುವಾಯಿತು, ಮಿತಿಯನ್ನೂ ಮೊದಲ ಸುತ್ತಿನಿಂದ ಪ್ರತ್ಯೇಕವಾಗಿ ಲೆಕ್ಕ ಹಾಕಿದರು.

ಇನ್ನು ಎಲ್‌ಎಲ್‌ಸಿ, ಕಾರ್ಪೊರೇಷನ್‌ಗಳಿಗೆ 2,50,000 ಕಡೇ ಗೆರೆಯಾಗಿರಲಿಲ್ಲ. ತಲಾ 400 ಗಂಟೆ ದುಡಿಮೆ ಅಥವಾ ನಿರ್ವಹಣೆ ಹಾಕುವ ಇಬ್ಬರು ಪಾಲುದಾರರಿದ್ದರೆ 5 ಲಕ್ಷ, ಮೂವರಿದ್ದರೆ 7.5 ಲಕ್ಷ. ಎರಡೂ ಸುತ್ತು ಕೂಡಿಸಿದರೆ 15 ಲಕ್ಷದವರೆಗೆ ಕಾನೂನುಬದ್ಧ. ಸಾಮಾನ್ಯ ಪಾಲುದಾರಿಕೆಯಲ್ಲಿ ಮಿತಿ ಒಬ್ಬೊಬ್ಬ ಸದಸ್ಯನಿಗೇ ಪ್ರತ್ಯೇಕ, ಅಲ್ಲಿ ಮೊತ್ತ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆ 400 ಗಂಟೆ ನಿಜವೇ ಎಂಬುದು ಈ ಕಡತದಿಂದ ತಿಳಿಯದು. ಅರ್ಜಿದಾರರೇ ಸಹಿ ಹಾಕಿ ದೃಢೀಕರಿಸಿದ್ದು, ಇಲಾಖೆ ಕೇಳಿದಾಗ ಮಾತ್ರ ದಾಖಲೆ. ನನ್ನ ಮಟ್ಟಿಗೆ ತನಿಖೆ ಶುರುವಾಗಬೇಕಾದ ಜಾಗ ಇದೇ.

ಮಾಹಿತಿಹಕ್ಕು: ದನಗಳ ಸಂಖ್ಯೆ ಸಿಗುವುದಿಲ್ಲ. 2008ರ ಫಾರ್ಮ್ ಬಿಲ್‌ನ (ಅಮೆರಿಕದ ಕೃಷಿ ಕಾಯ್ದೆ) ಕಲಂ 1619 ರೈತ ಕೊಟ್ಟ ಕೃಷಿ ವಿವರ, ಜಮೀನಿನ ನಕಾಶೆಯ ಮಾಹಿತಿಗಳನ್ನು ಬಚ್ಚಿಡುತ್ತದೆ. ಅದೇ ಕಲಂ ಹಣ ಪಡೆದವರ ಹೆಸರು, ವಿಳಾಸ, ಮೊತ್ತವನ್ನು ಮಾತ್ರ ಬಿಟ್ಟುಕೊಟ್ಟಿದೆ. ನಿಮ್ಮ ಕೈಗೆ ಈ ಕಡತ ಬಂದಿರುವುದು ಅದರಿಂದಲೇ. ಫೋಯಾದಲ್ಲಿ (ಅಮೆರಿಕದ ಮಾಹಿತಿ ಹಕ್ಕು ಕಾಯ್ದೆ) ಸಿಎಫ್‌ಎಪಿಯ ಎಡಿ-3114 ಅರ್ಜಿ ನಮೂನೆ ಕೇಳಿದರೆ ದನಗಳ ಸಂಖ್ಯೆಯ ಕಡೆ ಕಪ್ಪು ಪಟ್ಟಿ ಬಳಿದು ಕಳಿಸುತ್ತಾರೆ. ಬದಲಿಗೆ ಜಿಲ್ಲೆವಾರು, ಸರಕುವಾರು ಒಟ್ಟು ಮೊತ್ತ ಕೇಳಿ. ಯಾರ ಗುರುತೂ ಹೊರಬೀಳದ ಒಟ್ಟು ಅಂಕಿಗಳಿಗೆ ಆ ಕಲಂ ಅಡ್ಡಿಯಿಲ್ಲ.

ಕಣಜ: ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ ಪಿನ್‌ಕೋಡ್, ಕೌಂಟಿ (ಅಲ್ಲಿನ ಜಿಲ್ಲೆ) ಸಂಕೇತದ ಅಂಕಣಗಳನ್ನು ಪಠ್ಯವಾಗಿ ಬದಲಿಸಿ. ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿಹೋಗಿ ಮ್ಯಾಸಚೂಸೆಟ್ಸ್‌ನ ಪಿನ್‌ಗಳೆಲ್ಲ ನಾಲ್ಕಂಕಿಯಾಗುತ್ತವೆ. ಮೈನಸ್ ಮೊತ್ತ ಕಂಡರೆ ಅದನ್ನೂ ಸೇರಿಸಿಯೇ ಕೂಡಿಸಿ, ಅದು ವಾಪಸಾದ ಹಣ. ಕೌಂಟಿ ಅಂಕಣ ಅಂದರೆ ಕಡತ ನಿಭಾಯಿಸಿದ ಕಚೇರಿ, ಜಮೀನಿರುವ ಊರಲ್ಲ. ಒಂದೇ ಸಂಸ್ಥೆ ‘ಫಾರ್ಮ್ಸ್ ಎಲ್‌ಎಲ್‌ಸಿ’, ‘ಫಾರ್ಮ್ಸ್, ಎಲ್.ಎಲ್.ಸಿ.’ ಅಂತ ಎರಡಾಗಿರುತ್ತದೆ. ಹೆಸರು ಹಾಗೂ ವಿಳಾಸ ಎರಡನ್ನೂ ಹೊಂದಿಸಿ ನೋಡಿ.

ಲೆಕ್ಕಪತ್ರ: ಧನ್ಯವಾದ. ಪಿಪಿಪಿ (ಕೊರೊನಾ ಕಾಲದಲ್ಲಿ ಉದ್ಯಮಗಳಿಗೆ ಸಂಬಳ ಕೊಡಲು ಕೊಟ್ಟ ನೆರವು) ಸಾಲ ಪಡೆದವರೂ ಇದರಲ್ಲೇ ಇದ್ದಾರಾ?

ಮಾಹಿತಿಹಕ್ಕು: ಇಲ್ಲ, ಅದು ಎಸ್‌ಬಿಎ (ಅಮೆರಿಕದ ಸಣ್ಣ ಉದ್ಯಮಗಳ ಇಲಾಖೆ) ಕಡತ. 2020ರ ಜುಲೈನಲ್ಲಿ 1.5 ಲಕ್ಷ ಡಾಲರ್ ಮತ್ತು ಅದಕ್ಕಿಂತ ದೊಡ್ಡ ಸಾಲ ಪಡೆದವರ ಹೆಸರಷ್ಟೇ ಬಿಟ್ಟಿದ್ದರು, ಅವರ ನಿಖರ ಮೊತ್ತವೂ ಇರಲಿಲ್ಲ. ಕೋರ್ಟ್ ಆದೇಶದ ನಂತರ ಡಿಸೆಂಬರ್‌ನಲ್ಲಿ ಎಲ್ಲವೂ ಹೊರಬಂತು. ಜುಲೈನ ಆ ಹಳೇ ಕಡತ ಬಳಸಬೇಡಿ. ಕೃಷಿಕರನ್ನು ಹುಡುಕಲು ಅದರಲ್ಲಿನ ಉದ್ಯಮ ಸಂಕೇತ ನೋಡಿ: 111ರಿಂದ ಶುರುವಾದರೆ ಬೆಳೆ, 112ರಿಂದ ಶುರುವಾದರೆ ಪಶುಸಂಗೋಪನೆ. ಎರಡು ಇಲಾಖೆಗಳ ಕಡತಗಳಿಗೆ ಸಮಾನ ಗುರುತಿನ ಸಂಖ್ಯೆ ಇಲ್ಲ, ಹೆಸರು ನೋಡಿಯೇ ಜೋಡಿಸಬೇಕು.